ಆಲೆಮನೆಗೆ ಬಂದ ಕೆಂಪು ಬೆಳಕು

ಮೊನ್ನೆ ಮನೆಯ ಹಳೇ ಸ್ಟೆಬಿಲೈಸರ್ ಕಾದು, ಅದರೊಳಗಿನ ಧೂಳು ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಲು ಎದ್ದವಳು ಅಲ್ಲೇ ನಿಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕೆರಗೋಡಿನ ನಮ್ಮ ದೊಡ್ಡಪ್ಪನ ಆಲೆಮನೆಯಲ್ಲಿ ಇಂಥದೇ ಸ್ಟೆಬಿಲೈಸರಿನಿಂದ ಇದೇ ವಾಸನೆ, ಬೆಲ್ಲದ ಘಮದ ನಡುವೆ ಎದ್ದಿತ್ತು... ಅದರ ಪಕ್ಕದಲ್ಲಿ ನಮ್ಮ ಫಿಸಿಕ್ಸ್ ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತಿದ್ದರು.

ನಾನಾಗ ಮಂಡ್ಯದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮೇಷ್ಟ್ರು ಬೆಂಗಳೂರಿನಲ್ಲಿ ಯಾರ್‍ಯಾರದೋ ಕೈಕಾಲು ಹಿಡಿದು ಒಂದು ಲೇಸರನ್ನು ಎರವಲು ತಂದಿದ್ದರು. ಅದನ್ನು ಕಾಲೇಜಿನಲ್ಲಿ ಪ್ರದರ್ಶನಕ್ಕಿಟ್ಟು ಕಳಿಸಿದ್ದರೆ ಸಾಕಾಗಿತ್ತು. ಆದರೆ ಅವರ ತಲೆಗೆ ಬೆಲ್ಲ ಹೊಕ್ಕಿತ್ತು. ಕಬ್ಬಿನ ರಸದ ಕೊಳೆ ಬಿಟ್ಟು ತಿಳಿಯಾಗಲು ಸುಣ್ಣದ ತಿಳಿ ಎಷ್ಟು ಹಾಕಿದರೆ ಸಾಕು ಎಂದು ಬೆಳಕಿನಿಂದಲೇ ಹೇಳುವ ಉಪಕರಣ ಮಾಡಿ, ರೈತರ ಕೈಗೆ ಕೊಡಬೇಕು. ಅವರಿಗಿದ್ದ ಆಸೆ ಅದೊಂದೇ. ಲೇಸರ್ ಮಾರನೆಯ ದಿನವೇ ವಾಪಸ್ ಹೋಗಬೇಕಿತ್ತು, ಅದಕ್ಕೇ ಅವತ್ತೇ ನನ್ನ ಜೊತೆ ದೊಡ್ಡಪ್ಪನ ಆಲೆಮನೆಗೆ ಹೊತ್ತು ತಂದರು.

ಸ್ವಿಚ್ ಹಾಕಿದಾಗ ಹಬೆಯೊಳಗೆ ಕೆಂಪು ಗೆರೆಯೊಂದು ಆಲೆಮನೆಯ ಉದ್ದಕ್ಕೂ ಮೂಡಿತು.  ಅಷ್ಟು ನೆಟ್ಟಗಿರುವ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೊಪ್ಪರಿಗೆಯಿಂದ ತೆಗೆದ ರಸವನ್ನು ಗಾಜಿನ ಕೊಳವೆಗೆ ತುಂಬಿ ಆ ಗೆರೆಗೆ ಅಡ್ಡ ಇಡುವುದು, ಆಚೆ ಬದಿಯ ಫೋಟೋಸೆಲ್ಲಿಗೆ ಬಿದ್ದ ಬೆಳಕಿಗೆ ತಕ್ಕಂತೆ ಮೀಟರಿನ ಮುಳ್ಳು ಆಡುವುದು. ರಸ ತಿಳಿಯಾಗುತ್ತ ಮುಳ್ಳು ಏರಿ, ಪೂರಾ ತಿಳಿಯಾದರೆ ಒಂದೆಡೆ ನಿಲ್ಲಬೇಕು.

ಆದರೆ ಅದು ನಿಲ್ಲಲಿಲ್ಲ. ಮುಳ್ಳು ಕುಣಿದಾಗಲೆಲ್ಲ, ರಸ ಇನ್ನೂ ತಿಳಿಯಾಗಿಲ್ಲವೆಂದುಕೊಂಡು ದೊಡ್ಡಪ್ಪ ಮತ್ತಷ್ಟು ಸುಣ್ಣದ ತಿಳಿ ಸುರಿದರು. ಸುಣ್ಣ ಹೆಚ್ಚಾಗಿ, ಕೊನೆಗೆ ಅಚ್ಚಿಗೆ ಹೊಯ್ದ ಬೆಲ್ಲ ಕರ್ರಗಾಗಿತ್ತು.

“ಏನ್ ಮೇಷ್ಟ್ರೇ, ಇದ್ರ ಮಾತ್ ಕೇಳ್ಕಂಡು ಬೆಲ್ಲ ಇದ್ಲಾಯ್ತಲ್ಲ. ಇನ್ನೊಂದ್ ಕೊಪ್ಪರ್ಗೆ ಕೊಡ್ತೀನಿ. ಅದೂ ಕೆಟ್ರೆ ಗಂಟುಮೂಟೆ ಕಟ್ಟಿ, ನಾನೇ ಬಸ್ಸಿಗೆ ಅತ್ತುಸ್ತೀನಿ,” ಅಂದರು ದೊಡ್ಡಪ್ಪ.

ಮೇಷ್ಟ್ರ ಮುಖ ಸಣ್ಣಗಾಯಿತು. ಅವರು ರಸ ಚೆಲ್ಲಿ ಕೊಳವೆಗೆ ಬರೀ ನೀರು ತುಂಬಿದರು. ಮುಳ್ಳು ಆಗಲೂ ಕುಣಿಯಿತು. ಪಕ್ಕದ ಗದ್ದೆಯ ಪಂಪ್‌ಸೆಟ್ ಶುರುವಾಗಿ ಓಲ್ಟೇಜ್ ಇಳಿದಾಗ ಒಮ್ಮೆ ಕುಸಿದೇ ಬಿಟ್ಟಿತು. ಮೇಷ್ಟ್ರು ನನ್ನ ಕಡೆ ತಿರುಗಿ, “ತಪ್ಪು ರಸದ್ದಲ್ಲಮ್ಮ. ಬೆಳಕೇ ನಡುಗ್ತಿದೆ,” ಅಂದರು. ಸ್ಟೆಬಿಲೈಸರ್ ಕಾದು ವಾಸನೆ ಬರುತ್ತಿತ್ತೇ ಹೊರತು ನಡುಕ ನಿಂತಿರಲಿಲ್ಲ.

ಆಮೇಲೆ ಅವರು ಮಾಡಿದ್ದು ಇಷ್ಟೇ. ಕಿಟಕಿಯ ಗಾಜಿನ ಚೂರೊಂದನ್ನು ಗೆರೆಯ ದಾರಿಯಲ್ಲಿ ಓರೆಯಾಗಿ ನಿಲ್ಲಿಸಿದರು. ಬೆಳಕಿನ ಒಂದು ಪಾಲು ಕವಲೊಡೆದು, ರಸವನ್ನು ಮುಟ್ಟದೆ, ಇನ್ನೊಂದು ಫೋಟೋಸೆಲ್ಲಿಗೆ ಹೋಯಿತು. ಎರಡರ ತಂತಿಗಳನ್ನೂ ಒಂದಕ್ಕೊಂದು ಎದುರಾಗಿ ಮೀಟರಿಗೆ ಕಟ್ಟಿದರು. ಸೋಸಿ ಚೆನ್ನಾಗಿ ತಿಳಿಮಾಡಿದ ರಸವಿಟ್ಟು, ಮುಳ್ಳು ನಡುವೆ ನಿಲ್ಲುವಂತೆ ತಿರುಪು ಸರಿಮಾಡಿದರು. ಪಂಪ್‌ಸೆಟ್ ಮತ್ತೆ ಗುಡುಗಿತು, ಗೋಡೆಯ ಮೇಲಿನ ಕೆಂಪು ಚುಕ್ಕೆ ಮಂಕಾಯಿತು. ಮುಳ್ಳು ಮಾತ್ರ ಅಲುಗಲಿಲ್ಲ. 

“ದೀಪ ಇನ್ನೂ ಅಳ್ಳಾಡ್ತಾನೇ ಅದೆ. ಮುಳ್ಯಾಕೆ ಸುಮ್ಕಾಯ್ತು?” ದೊಡ್ಡಪ್ಪ ಕೇಳಿದರು.

“ಎರಡೂ ಒಂದೇ ದೀಪದ ಬೆಳಕು ಗೌಡ್ರೇ, ಒಟ್ಟಿಗೇ ನಡುಗ್ತವೆ. ಒಂದರಿಂದ ಇನ್ನೊಂದನ್ನ ಕಳೆದ್ರೆ ನಡುಕ ಹೋಯ್ತು. ಉಳಿದಿದ್ದು ನಿಮ್ಮ ರಸ ಮಾತ್ರ.”

ಎರಡನೇ ಕೊಪ್ಪರಿಗೆಯ ಬೆಲ್ಲ ಹೊಂಬಣ್ಣಕ್ಕೆ ಬಂತು. ಆಲೆಮನೆಯಲ್ಲಿ ಮೊದಲ ಅಚ್ಚು ಗೂಡಿನಲ್ಲಿಟ್ಟ ಬೆನಕನಿಗೆ. ಅದನ್ನು ದೊಡ್ಡಪ್ಪ ಅವತ್ತು ಮೇಷ್ಟ್ರ ಕೈಗಿಟ್ಟರು. ಇಟ್ಟಮೇಲೆ ಬೆನಕನ ಕಡೆ ತಿರುಗಿ ಕೆನ್ನೆ ಬಡಿದುಕೊಂಡರು, ಅದು ಬೇರೆ ಮಾತು.

ಲೇಸರ್ ಮಾರನೆಯ ದಿನ ಹೋಯಿತು. ಮೇಷ್ಟ್ರು ಎಷ್ಟು ಕೇಳಿದರೂ ಮತ್ತೆ ಸಿಗಲಿಲ್ಲ. ಅದಿಲ್ಲದೆ ಉಪಕರಣವೂ ಇಲ್ಲ. ಪ್ರತಿ ಕಬ್ಬಿನ ಹಂಗಾಮಿಗೂ ದೊಡ್ಡಪ್ಪ ನನ್ನನ್ನು ಕೇಳುತ್ತಿದ್ದರು, “ಮೇಷ್ಟ್ರ ಬೆಳಕು ಬತ್ತದೇನವ್ವಾ?”

ಮುಂದೆ ಲೇಸರ್ ಸಂಶೋಧಕಿಯಾಗಿ ನಾನು ಬದುಕಿದ್ದೂ ಬೆಳಕಿನ ನಡುಕದ ಜೊತೆಯಲ್ಲೇ. ಕೂದಲೆಳೆಯಂಥ ಗಾಜಿನ ಎಳೆಯಲ್ಲೇ ಹುಟ್ಟಿ ಹರಿಯುವ ಲೇಸರುಗಳು, ಸೇತುವೆಯ ಸಣ್ಣ ಬಿರುಕನ್ನೂ ಗುರುತಿಸುವಂಥವು. ಅವೂ ನಡುಗುತ್ತವೆ. ನಡುಕ ಕಳೆಯಲು ನಾವೂ ಬೆಳಕನ್ನು ಎರಡು ಪಾಲು ಮಾಡುತ್ತೇವೆ. ಅಂಥ ಲೇಸರಿನ ಪೆಟ್ಟಿಗೆಯೊಂದನ್ನು ಹೊತ್ತು ನಾನು ಮಂಡ್ಯಕ್ಕೆ, ಮೇಷ್ಟ್ರ ಮನೆಗೆ ಹೋಗುವಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡು, ಆಲೆಮನೆ ಮುಚ್ಚಿತ್ತು. ಮೇಷ್ಟ್ರಿಗೆ ಕಣ್ಣು ಪೂರಾ ಹೋಗಿತ್ತು. ಅವರು ಪೆಟ್ಟಿಗೆಯ ಮೇಲೆ ಕೈಯಾಡಿಸಿದರು.

“ಮುಳ್ಳು ನಿಂತಿದೆಯೇನಮ್ಮಾ?”

ಅದರಲ್ಲಿ ಮುಳ್ಳೇ ಇರಲಿಲ್ಲ, ಬರೀ ಅಂಕಿಗಳು. “ನಿಂತಿದೆ ಸಾರ್,” ಅಂದೆ.

ಈಗ ಅವರೂ ಇಲ್ಲ. ನನಗೂ ವಯಸ್ಸಾಯಿತು. ಇವತ್ತಿಗೂ ಓಲ್ಟೇಜ್ ಇಳಿದು ಮನೆಯ ದೀಪ ಮಂಕಾದರೆ ‘ಸಾರ್’ ಅನ್ನಲು ಬಾಯಿ ತೆರೆಯುತ್ತೇನೆ... ಓಗೊಡುವವರು ಯಾರೂ ಇರುವುದಿಲ್ಲ.