ಸೋಮವಾರ ಉಳಿದ ಮಾಲು

ನನ್ನ ಗಂಡ ಸತ್ತದ್ದು ಹಳಸಿದ ಸಿಮೆಂಟಿನಿಂದ. ಅದನ್ನು ಉಳಿಸಿಟ್ಟವರು ಅವರೇ, ಗೋಡೆಗೆ ಹಾಕಿದವರೂ ಅವರೇ. ಊರವರು ಜಾಗದ ದೋಷ ಎಂದರು, ಯಾರದೋ ಕಣ್ಣು ತಾಗಿತು ಎಂದರು. ಹೇಳುವವರ ಬಾಯಿ ಹಿಡಿಯಲಾಗದು. ಕಲ್ಲು ಬಿದ್ದಾಗ ಅಲ್ಲಿ ನಿಂತವಳು ನಾನು. ಸಾಲಿ ಕಲಿತದ್ದು ಎರಡನೆಯ ಇಯತ್ತೆಯ ತನಕ. ಅಕ್ಷರ ಸೊಟ್ಟಗಿದ್ದರೆ ಇರಲಿ, ಕಂಡದ್ದನ್ನು ಬರೆಯುತ್ತೇನೆ.

ಎಪ್ಪತ್ತರ ದಶಕದ ಮಾತು. ನನ್ನ ಗಂಡ ಗೌಂಡಿ, ಕಲ್ಲಿನ ಗೋಡೆ ಕಟ್ಟುವುದು ಅವರ ಕಸುಬು. ಅವರ ಅಣ್ಣ, ಅಂದರೆ ನನ್ನ ಭಾವ, ಅದೇ ಕಸುಬಿನವರು. ನಾನು ಬುಟ್ಟಿ ಹೊರುವವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಎಲ್ಲಿ ಮನೆ ಏಳುತ್ತಿತ್ತೋ ಅಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದೆವು. ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ. ಮುಗಿದ ಮೇಲೆ ಅದರೊಳಗೆ ನಮ್ಮನ್ನು ಕರೆದು ಕೂಡಿಸಿದವರು ಕಡಿಮೆ.

ಆಗ ಸುಣ್ಣದ ಗಚ್ಚಿನ ಕೆಲಸ. ದುಂಡಗೆ ತೋಡಿದ ಕಾಲುವೆಯಲ್ಲಿ ಸುಣ್ಣ, ಮರಳು ಸುರಿದು, ಅದರಲ್ಲಿ ದೊಡ್ಡ ಕಲ್ಲಿನ ಗಾಲಿ ನಿಲ್ಲಿಸಿ, ಎತ್ತು ಕಟ್ಟಿ ಅರೆಯುತ್ತಿದ್ದರು. ಅದಕ್ಕೆ ಗಾಣ ಎನ್ನುತ್ತಿದ್ದೆವು. ಅರೆದ ಗಚ್ಚನ್ನು ಕುಪ್ಪೆ ಹಾಕಿ, ಹಸಿ ಗೋಣಿ ಹೊದಿಸಿ ಬಿಟ್ಟರೆ ಅದು ಮಾಗುತ್ತಿತ್ತು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಗಾಣ ನಿಲ್ಲುತ್ತಿತ್ತು, ನೀರಿನ ಬಂಡಿ ನಿಲ್ಲುತ್ತಿತ್ತು, ನಾವೂ ಕೂಡುತ್ತಿದ್ದೆವು. ರವಿವಾರ ಉಳಿದ ಗಚ್ಚನ್ನು ಮಂಗಳವಾರ ಮತ್ತೆ ತುಳಿದು ಹಾಕುತ್ತಿದ್ದೆವು. ಕೈಗೆ ಬೆಣ್ಣೆಯಾಗಿ ಬರುತ್ತಿತ್ತು. ಆ ಗಚ್ಚಿನ ಗೋಡೆಯೇ ಹೆಚ್ಚು ಗಟ್ಟಿ. ನನ್ನ ಗಂಡ ತಮ್ಮ ತಂದೆಯಿಂದ ಕಲಿತದ್ದು ಅದನ್ನೇ.

ಅಷ್ಟರಲ್ಲಿ ಸಿಮೆಂಟು ಬಂತು. ಝಳಕಿಯ ಕಡೆ, ಇಂಡಿಯ ಕಡೆ ಸೊಲ್ಲಾಪುರದ ಗೌಂಡಿಗಳು ಬಂದು ಕೆಲಸ ಹಿಡಿದರು. ನಮ್ಮ ಹಳೆಯ ಗೌಂಡಿಗಳು ಅವರ ಕೈಕೆಳಗೆ ಬುಟ್ಟಿ ಹೊತ್ತರು. ನಿನ್ನೆಯವರೆಗೆ ಗಾರೆ ಮೆತ್ತುವ ಕರಣಿ ಹಿಡಿದು ಗೋಡೆಯ ಮೇಲೆ ಕೂತವರು ಇವತ್ತು ಹೆಂಗಸರ ಸಾಲಿನಲ್ಲಿ ನಿಂತದ್ದನ್ನು ನನ್ನ ಗಂಡ ಕಣ್ಣಾರೆ ಕಂಡು ಬಂದಿದ್ದರು. ಅವತ್ತು ರೊಟ್ಟಿ ಮುರಿಯಲಿಲ್ಲ.

ಹಾಗಾಗಿ ಬಸವನ ಬಾಗೇವಾಡಿಯ ಕಾಳಿನ ವ್ಯಾಪಾರಿಯೊಬ್ಬರು ಮನೆ ಕಟ್ಟಲು ಕರೆಸಿದಾಗ ಇವರು ಹಿಂದೆ ಮುಂದೆ ನೋಡಲಿಲ್ಲ.

"ಗೌಂಡಿ, ಸಿಮೆಂಟಿನ ಕೆಲಸ ಬರ್ತೈತೇನ ನಿನಗ? ಬರದಿದ್ರ ಈಗ ಹೇಳು, ಸೊಲ್ಲಾಪುರದ ಮಂದೀನ ಕರಸ್ತೇನಿ" ಎಂದರು ಸಾವಕಾರರು.

"ಬರ್ತೈತ್ರೀ ಸಾವಕಾರ್ರ. ಮಾಲು ಯಾವ್ದಾದ್ರೇನು, ಕೈ ನಮ್ದ ಅಲ್ರೀ?"

ಹೊರಗೆ ಬಂದ ಮೇಲೆ ನಾನು ಕೇಳಿದೆ: "ಯಾವಾಗ ಕಲತ್ರಿ?"

"ಕಲಿಯೂದೇನೈತಿ ಅದ್ರಾಗ? ಸುಣ್ಣದ ಬದ್ಲಿ ಸಿಮೆಂಟು. ನೀ ಜ್ವಾಳದ ರೊಟ್ಟಿ ಬಡಿಯಾಕಿ. ಸಜ್ಜಿ ರೊಟ್ಟಿ ಬಡಿ ಅಂದ್ರ ಮತ್ತ ಸಾಲಿಗೆ ಹೋಗ್ತಿಯೇನು?"

ಸಜ್ಜಿ ಹಿಟ್ಟು ಜೋಳದ ಹಿಟ್ಟಿನ ಹಾಗೆ ಕೈಗೆ ಬರುವುದಿಲ್ಲ, ಸೀಳುತ್ತದೆ. ಅದನ್ನು ಹೇಳಬೇಕೆಂದಿದ್ದೆ. ಭಾವ ನಕ್ಕುಬಿಟ್ಟರು, ಮಾತು ಅಲ್ಲಿಗೆ ಮುಗಿಯಿತು.

ಸಾವಕಾರರು ಬಿಜಾಪುರದಲ್ಲಿ ಯಾರದೋ ಮನೆ ನೋಡಿ ಬಂದಿದ್ದರು. ಬಾಗಿಲ ಮೇಲೆ ಬಿಸಿಲು ಮಳೆ ತಡೆಯಲು ಚಾಚಿದ ಛಜ್ಜಾ ಬೇಕು, ಆದರೆ ಅದರ ಕೆಳಗೆ ಆಸರೆಯ ಕಲ್ಲು ಇರಕೂಡದು, ನೋಡಲು ಹಗುರ ಕಾಣಬೇಕು ಎಂದರು. ನಾವು ಕಟ್ಟುತ್ತಿದ್ದ ಛಜ್ಜಾಕ್ಕೆ ಕೆಳಗೆ ಎರಡು ಕಲ್ಲು ಭುಜ ಕೊಟ್ಟು ನಿಲ್ಲುತ್ತಿದ್ದವು. ಇಲ್ಲಿ ತಾಳಿಕೋಟೆಯ ಚಪ್ಪಡಿ ಗೋಡೆಯ ಹಿಡಿತದಲ್ಲೇ ನಿಲ್ಲಬೇಕು. ಹಿಡಿತ ಅಂದರೆ ಮಾಲು, ಕಲ್ಲಿನ ಸಂದಿಗೆ ತುಂಬುವ ಕಲಸಿದ ಸಿಮೆಂಟು. ಮಾಲು ಕೈ ಬಿಟ್ಟರೆ ಕಲ್ಲು ಬಂತು.

ಸಿಮೆಂಟು ಆಗ ಪರ್ಮಿಟ್ಟಿನ ಮೇಲೆ ಸಿಗುವ ವಸ್ತು. ಸಾವಕಾರರು ದಿನಾ ಸಂಜೆ ಬಂದು "ಒಂದ ಹಿಡಿ ಕೂಡ ಹಾಳಾಗಬಾರ್ದು" ಎಂದು ಹೇಳಿಯೇ ಹೋಗುತ್ತಿದ್ದರು. ಒಂದು ರವಿವಾರ ಮಾಲು ಹೆಚ್ಚು ಕಲಸಿದ್ದೆವು. ಹೊತ್ತು ಮುಳುಗಿತು, ಕುಪ್ಪೆ ಉಳಿಯಿತು. ನನ್ನ ಗಂಡ ಅದಕ್ಕೆ ಕೊಡದಿಂದ ನೀರು ಹೊಯ್ದು ಗೋಣಿ ಹೊದಿಸಿದರು. ಸೋಮವಾರ ಎಲ್ಲರೂ ಕೂತಾಗ ತಾವೊಬ್ಬರೇ ಹೋಗಿ ಮತ್ತೆ ನೀರು ಹನಿಸಿ ಬಂದರು. ಕೂಸಿಗೆ ಮಾಡಿದ ಹಾಗೆ ಮಾಡಿದರು.

ಮಂಗಳವಾರ ಗೋಣಿ ತೆಗೆದೆ. ಸಲಕಿ ಇಳಿಯಲಿಲ್ಲ.

"ಇದು ಬಿರುಸ ಆಗೇತ್ರಿ. ಗಚ್ಚು ಹಿಂಗ ಆಗೂದಿಲ್ಲ."

"ಮಾಗೇತಿ ಅದು. ಒಡೆದು ನೀರ ಹಾಕಿ ತುಳಿ."

"ಮಾಗಿದ್ರ ಮೆತ್ತಗ ಆಗ್ಬೇಕಿತ್ತು."

"ನನಗ ಕಲಿಸಾಕ ಬಂದಿಯೇನು? ಹಂಗಾರ ಕರಣಿ ನೀನ ಹಿಡಿ, ನಾ ಬುಟ್ಟಿ ಹೊರ್ತೇನಿ. ಸೊಲ್ಲಾಪುರದಾಂವ ನೋಡಿ ನಗ್ಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಂಟೆ ಒಡೆದು, ನೀರು ಹಾಕಿ, ತುಳಿದು ಕೊಟ್ಟೆವು. ನೋಡಲು ಮಾಲಿನ ಹಾಗೆಯೇ ಇತ್ತು. ಮುಂದಿನ ಬಾಗಿಲಿನ ಛಜ್ಜಾ ಅದರಲ್ಲೇ ಕೂತಿತು. ಉಳಿದದ್ದು ಹಿಂದೆ ಅಡಿಗೆ ಮನೆಯ ಬಾಗಿಲಿನ ಛಜ್ಜಾಕ್ಕೆ ಹೋಯಿತು. ಆ ಅಡಿಗೆ ಮನೆಯನ್ನು ಸಾವಕಾರರ ಮನೆಯವರು ಆಗಲೇ ಬಳಸತೊಡಗಿದ್ದರು. ಎರಡಕ್ಕೂ ಕೆಳಗೆ ಮರದ ಬಡ್ಡೆಯ ಆಸರೆ, ಅಂದರೆ ಟೇಕು ಕೊಟ್ಟು ಒಣಗಲು ಬಿಟ್ಟೆವು.

ಕೆಲವು ದಿನ ಕಳೆದ ಮೇಲೆ ಮುಂದಿನ ಟೇಕು ತೆಗೆಯಲು ನನ್ನ ಗಂಡನೇ ಹೋದರು. ಬೇರೆಯವರಿಗೆ ಬಿಡಲಿಲ್ಲ. ಸಾವಕಾರರ ಮುಂದೆ ಅದು ತಮ್ಮ ಕೈಯಿಂದಲೇ ಆಗಬೇಕಿತ್ತು. ಟೇಕಿನ ಬುಡಕ್ಕೆ ಒದ್ದರು, ಟೇಕು ಹೊರಳಿತು. ತಲೆ ಎತ್ತಿ ಛಜ್ಜಾ ನೋಡಿದರು, ಮುಖದ ಮೇಲೆ ನಗು ಬಂತು. ಚಪ್ಪಡಿ ಅದೇ ಮುಖದ ಮೇಲೆ ಬಂತು. ಮೇಲಿದ್ದ ಎರಡು ಸಾಲು ಕಲ್ಲೂ ಅದರ ಹಿಂದೆ ಬಂದವು. ಕೂಗಲಿಲ್ಲ ಅವರು. ಕೂಗಿದವಳು ನಾನು.

ನಾಲ್ಕು ಮಂದಿ ಸೇರಿ ಕಲ್ಲು ಎತ್ತಿದರು. ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಪಕ್ಕದಲ್ಲಿ ಬಿದ್ದ ಮಾಲಿನ ಹೆಂಟೆ ಕೈಗೆ ಸಿಕ್ಕಿತು. ಬೆರಳಲ್ಲಿ ಹಿಚುಕಿದರೆ ಹಿಟ್ಟಾಯಿತು. ಹಳೆಯ ಮನೆ ಕೆಡವುವಾಗ ಗಚ್ಚು ಕಲ್ಲನ್ನು ಬಿಡುವುದಿಲ್ಲ, ಕಲ್ಲಿನ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಈ ಚಪ್ಪಡಿಗೆ ಒಂದು ಚೂರೂ ಅಂಟಿರಲಿಲ್ಲ. ತೊಳೆದಿಟ್ಟ ತಾಟಿನ ಹಾಗಿತ್ತು.

ಅವತ್ತೇ ಸಂಜೆಯೊಳಗೆ ಮಣ್ಣು ಮಾಡಿದರು. ತಿರುಗಿ ಬಂದು ಎಲ್ಲರೂ ಅಂಗಳದಲ್ಲಿ ಕೂತರು. ಸೋಮವಾರ ಮಾಲಿಗೆ ನೀರು ಹಾಕಿದ್ದಕ್ಕೇ ಹೀಗಾಯಿತು ಎಂದು ಒಬ್ಬಳು ಪಿಸುಗುಟ್ಟಿದಳು. ಸಾವಕಾರರು, ನೆಲದ ಶಾಂತಿ ಮಾಡಿಸುತ್ತೇನೆ, ಗೌಂಡಿಯದೇನೂ ತಪ್ಪಿಲ್ಲ, ಮುಂದಿನ ಕೆಲಸ ಅಣ್ಣನೇ ಮಾಡಲಿ ಎಂದು ಹೇಳಿ ಕಳಿಸಿದ್ದರು. ಅದನ್ನು ಕೇಳಿ ಭಾವನ ಮುಖ ಸ್ವಲ್ಪ ಹಗುರಾಯಿತು.

ಮಂದಿ ಎದ್ದು ಹೋದ ಮೇಲೆ ನಾನು ಹೇಳಿದೆ: "ಅಡಿಗಿಮನಿ ಬಾಗಿಲ ಮ್ಯಾಲೂ ಅದ ಮಾಲು ಐತ್ರಿ."

ಭಾವ ತಲೆ ಎತ್ತಲಿಲ್ಲ. "ಅದು ಗಟ್ಟಿ ಆಗಿರ್ತೈತಿ."

"ಮುಂದಿಂದು ಆಗಿತ್ತೇನ್ರಿ?"

"ಟೇಕು ತಗಿಯೂದ ಬ್ಯಾಡ. ಹಂಗ ಇರ್ಲಿ."

"ಎಷ್ಟ ವರ್ಷ ಇರ್ತೈತ್ರಿ ಆ ಟೇಕು? ಅದರ ಬುಡಕ ಸಾವಕಾರ್ರ ಸೊಸಿ ದಿನಾ ಭಾಂಡೆ ತಿಕ್ಕತಾಳ."

ಆಗ ಅವರು ನನ್ನನ್ನು ನೋಡಿದರು. ಕಣ್ಣು ಕೆಂಪಾಗಿದ್ದವು. "ನೋಡವಾ, ನೀ ಹೋಗಿ ಹೇಳಿದ್ರ ನನ್ನ ಕೈಯಾಗ ಯಾರೂ ಕರಣಿ ಕೊಡೂದಿಲ್ಲ. ಅದು ಹೋಗ್ಲಿ. ನನ್ನ ತಮ್ಮ ಗೌಂಡಿ ಆಗಿ ಸತ್ತಾನ. ಈ ಸೀಮಿಯೊಳಗ ಅವನ ಹೆಸರ ಹಂಗ ಉಳೀಲಿ. ನಿನ್ನ ಗಂಡ ಅಲ್ಲೇನ ಅಂವ?"

ನನ್ನ ಗಂಡ ಹೌದು. ಹೆಸರೊಂದನ್ನು ಬಿಟ್ಟರೆ ಅವರದೆನ್ನುವುದು ಏನೂ ಉಳಿದಿರಲಿಲ್ಲ. ಅದನ್ನೂ ನಾನೇ ತೆಗೆಯಬೇಕೇ ಎಂದು ಗೋಡೆಗೆ ಒರಗಿ ಕೂತೆ. ಭಾವ ಕಂಬಳಿ ಹೊದ್ದು ಮುಖ ತಿರುಗಿಸಿದರು.

ಮರುದಿನ ಮುಂಜಾನೆ ಎದ್ದು ಬಾವಿಯ ಹಗ್ಗ ಹೆಗಲಿಗೆ ಹಾಕಿಕೊಂಡು ಸಾವಕಾರರ ಮನೆಗೆ ನಡೆದೆ. ಸಾವಕಾರರ ಹೆಂಡತಿ ಹಿತ್ತಲಲ್ಲಿದ್ದರು. ನನ್ನನ್ನು ಕಂಡು ಹೌಹಾರಿದರು.

"ಸೂತಕದಾಗ ಯಾಕ ಬಂದಿಯವ್ವಾ? ನಿನ್ನೆ ಮಣ್ಣ ಮಾಡೀರಿ!"

"ಸೊಸಿನ್ನ ಹೊರಗ ಕರೀರಿ ಅವ್ವಾರ. ಒಳಗ ಯಾರೂ ಇರಬ್ಯಾಡ್ರಿ."

ಏನು ಎತ್ತ ಎಂದು ಅವರು ಕೇಳುತ್ತಲೇ ಇದ್ದರು. ಸೊಸೆ ಕೈಯ ಬೂದಿ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನಾನು ಟೇಕಿನ ಬುಡಕ್ಕೆ ಹಗ್ಗ ಬಿಗಿದು ದೂರ ನಿಂತು ಜಗ್ಗಿದೆ. ಮೊದಲು ಅಲುಗಲಿಲ್ಲ. ಹಿಮ್ಮಡಿ ಊರಿ ಮತ್ತೆ ಜಗ್ಗಿದೆ. ಟೇಕು ಬಿತ್ತು.

ಛಜ್ಜಾ ನಿಂತೇ ಇತ್ತು. ಇಲ್ಲಿಯಾದರೂ ನನ್ನ ಗಂಡನ ಮಾತು ಖರೆ ಆಯಿತು, ಇದು ಮಾಗಿದ ಮಾಲೇ ಎಂದುಕೊಂಡೆ. ನಿಂತಿರಲಿ, ನಿಂತಿರಲಿ ಎಂದುಕೊಂಡೆ. ಆಮೇಲೆ ಸಂದಿಯಿಂದ ಹಿಟ್ಟು ಉದುರತೊಡಗಿತು. ಚಪ್ಪಡಿ ಮುಂದಕ್ಕೆ ಬಾಗಿ, ಮೇಲಿನ ಕಲ್ಲುಗಳನ್ನು ಎಳೆದುಕೊಂಡು ಹೊಸ್ತಿಲ ಮೇಲೆ ಬಿತ್ತು.

ಸದ್ದಿಗೆ ಸಾವಕಾರರು ಓಡಿ ಬಂದರು. "ಯಾಕ ಕೆಡವಿದಿ? ತಲಿ ಕೆಟ್ಟೈತೇನ ನಿನಗ?"

"ಮಾಲು ಹಳಸಿತ್ರಿ. ರವಿವಾರದ್ದು ಮಂಗಳವಾರ ಹಾಕಿದ್ರ ಸಿಮೆಂಟು ಹಿಡಿಯೂದಿಲ್ರಿ. ನನ್ನ ಗಂಡಗ ಅದು ಗೊತ್ತಿರ್ಲಿಲ್ರಿ."

ಅಷ್ಟು ಹೇಳಿ ಟೇಕಿನಿಂದ ಹಗ್ಗ ಬಿಚ್ಚಿದೆ.