ಚಾವಡಿಯ ಚಿತ್ರದ ಹೆಂಗಸು

ಚಿತ್ರದ ಕಣ್ಣು ನಮ್ಮನ್ನೇ ಹಿಂಬಾಲಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಉಡುಪಿಯ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಚಿತ್ರಕಲೆ ಕಲಿಸಿದವಳು ನಾನು. ಅದೆಲ್ಲ ಬೆಳಕಿನ ಚಮತ್ಕಾರ ಎಂದು ಮಕ್ಕಳಿಗೂ ಹೇಳಿದ್ದೆ. ಈಗ ಬರೆಯುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಕಾರ್ಕಳದ ಗೆಳತಿ ಶಶಿಕಲಾಳ ಮನೆಗೆ ಹೋಗಿದ್ದೆ. ಅದು ಅಳಿಯಕಟ್ಟಿನ ಮನೆ. ತಾಯಿಯಿಂದ ಮಗಳಿಗೆ ಬಂದದ್ದು. ಮನೆ ಅವಳದು, ಕಾರುಬಾರು ಮಾತ್ರ ಅವಳ ಸೋದರಮಾವನದು. ಚಾವಡಿಯಲ್ಲಿ ಅವಳ ಅಜ್ಜಿಯ ಅಜ್ಜಿಯ ತೈಲಚಿತ್ರವಿತ್ತು, ಹತ್ತೊಂಬತ್ತನೆಯ ಶತಮಾನದ್ದು. ಕುರ್ಚಿಯಲ್ಲಿ ಕುಳಿತ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಿಗಿದ ತುಟಿ, ತಗ್ಗಿದ ಕಣ್ಣು. ಅದನ್ನು ಮಣಿಪಾಲದ ಹೋಟೆಲೊಂದಕ್ಕೆ ಕೊಡುವುದೆಂದು ಮಾವ ನಿಶ್ಚಯಿಸಿಯಾಗಿತ್ತು. ಶಶಿಕಲಾಳಿಗೆ ಸುತರಾಂ ಮನಸ್ಸಿರಲಿಲ್ಲ. ಆದರೆ ಮಾವನಿಗೆ ಎದುರು ಮಾತಾಡಿ ಅವಳಿಗೆ ರೂಢಿಯಿಲ್ಲ.

“ಟೀಚರೇ, ಚಿತ್ರದ ಕೆಳಗೆ ಹಾಕಲಿಕ್ಕೆ ನಾಲ್ಕು ಸಾಲು ಬರೆದುಕೊಡಿ. ಪಾಪದ ಹೆಂಗಸು, ಹೇಳಿದ್ದು ಕೇಳುವವಳು, ಹಾಗೆ ಎಂತಾದರೂ,” ಎಂದರು ಮಾವ.

ನನಗೂ ದಾಕ್ಷಿಣ್ಯ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಚಿತ್ರದ ಎದುರೇ ಕುಳಿತೆ. ಆ ತುಟಿ ಹೇಳಿದ್ದು ಕೇಳುವವಳದ್ದಲ್ಲ. ಒಮ್ಮೆ ಬೇಡವೆಂದು ಹೇಳಿ ಬಾಯಿ ಮುಚ್ಚಿದವಳದ್ದು. ಅಷ್ಟು ತಿಳಿದೂ ‘ಸೌಮ್ಯೆ, ವಿಧೇಯೆ’ ಎಂದು ಬರೆದು, ನಾಚಿಕೆಯಿಲ್ಲದೆ ಗಟ್ಟಿಯಾಗಿ ಓದಿದೆ. ತಲೆ ಎತ್ತಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು, ನೇರವಾಗಿ. ಅದೂ ಹಾಡಹಗಲಲ್ಲಿ. ಹತ್ತಿರ ಹೋಗಿ ನೋಡಿದೆ. ಬಣ್ಣ ಹಳೆಯದೇ, ಕಣ್ಣಿನ ಮೇಲಿನ ಬಿರುಕೂ ಹಳೆಯದೇ. ಇನ್ನೊಂದು ಫೋಟೊ ತೆಗೆದೆ.

“ಅದು ಮೊದಲೇ ಹಾಗೆ ಉಂಟಲ್ವಾ?” ಎಂದರು ಮಾವ.

ಶಶಿಕಲಾ ಎರಡೂ ಫೋಟೊಗಳನ್ನು ನೋಡಿದಳು. ಮೊದಲನೆಯದರಲ್ಲಿ ಕಣ್ಣು ತಗ್ಗಿತ್ತು, ಎರಡನೆಯದರಲ್ಲಿ ನೇರವಾಗಿತ್ತು. ಆಮೇಲೆ, “ಮಾವ, ಈ ಚಿತ್ರ ಇಲ್ಲಿಂದ ಹೋಗುವುದಿಲ್ಲ. ಹೋಟೆಲಿನವರಿಗೆ ನಾನೇ ಫೋನ್ ಮಾಡುತ್ತೇನೆ,” ಎಂದಳು. ಅವಳು ಅವರ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು. ಮಾವ ಸಹಾಯಕ್ಕೆಂಬಂತೆ ನನ್ನತ್ತ ತಿರುಗಿದರು. ಬರೆದ ಕಾಗದವನ್ನು ಅವರೆದುರೇ ಹರಿದೆ.

ಎರಡೂ ಫೋಟೊಗಳು ಈಗಲೂ ನನ್ನಲ್ಲಿವೆ. ತೋರಿಸಿದರೆ ಯಾವುದೋ ಆ್ಯಪಿನ ಕೆಲಸ ಎನ್ನುತ್ತಾರೆ. ಅನ್ನಲಿ. ಹೇಗಾಯಿತೆಂದು ನನಗೂ ಗೊತ್ತಿಲ್ಲ, ಗೊತ್ತಿದ್ದಂತೆ ನಟಿಸುವುದೂ ಇಲ್ಲ. ಆದರೆ ಆ ಹೆಂಗಸನ್ನು ಇನ್ನೊಮ್ಮೆ ವಿಧೇಯೆ ಎಂದು ಬರೆಯುವುದು ನನ್ನಿಂದಾಗದು, ಯಾರೇ ಹೇಳಲಿ.