ಹಿತ್ತಲ ಗೋಡೆಯ ಮೇಲಿನ ಶಿಕ್ರಾ

ನನ್ನ ಗಂಡನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದ ವರ್ಷ ನಮ್ಮ ಮನೆಗೆ ಪಾರಿವಾಳಗಳು ಬಂದವು. ಹಿರೇಕೆರೂರಿನಲ್ಲಿ ನಮ್ಮದು ಗೋವಿನಜೋಳದ ವ್ಯಾಪಾರ. ಲಿಲಾವಿನಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ದರ ಕೂಗುತ್ತಿದ್ದ ಮನುಷ್ಯ ಈಗ ಒಂದು ಲೋಟ ನೀರಿಗೂ ಎಡಗೈ ಎತ್ತಿ ಸನ್ನೆ ಮಾಡಬೇಕಾಗಿತ್ತು. ಪಾರಿವಾಳದ ರೆಕ್ಕೆಯ ಗಾಳಿ ಮೈಗೆ ತಾಗಿದರೆ ಲಕ್ವಾ ಇಳಿಯುತ್ತದೆ ಎಂದು ಯಾರೋ ಅತ್ತೆಗೆ ಹೇಳಿದರು. ನಾನು ಡಾಕ್ಟರರನ್ನು ಕೇಳಿದೆ. ಗುಳಿಗೆ ಮಾತ್ರ ತಪ್ಪಿಸಬೇಡಿ, ಪಾರಿವಾಳ ಬೇಕಾದರೆ ಸಾಕಿಕೊಳ್ಳಿ ಎಂದು ನಕ್ಕರು.

ಮೈದುನ ಸವಣೂರಿಗೆ ಹೋಗಿ, ಅಲ್ಲಿ ಅಜ್ಜನ ಕಾಲದಿಂದ ಪಾರಿವಾಳ ಸಾಕಿಕೊಂಡು ಬಂದ ಒಬ್ಬ ಮುದುಕರಿಂದ ಐದಾರು ಜೋಡಿ ತಂದ. ಹಿತ್ತಲಿನಲ್ಲಿ ಮನೆಯ ಗೋಡೆಗೆ ಹಲಗೆ ಹೊಡೆದು, ಖಾನೆ ಖಾನೆ ಮಾಡಿ ಗೂಡು ಕಟ್ಟಿದ. ಅದರ ಎದುರಿಗೆ ಇವರ ಕುರ್ಚಿ. ಬೆಳಿಗ್ಗೆ ಅತ್ತೆ ಚೀಲದಲ್ಲಿದ್ದ ತಗಡಿನ ಡಬ್ಬಿಯಿಂದ ಜೋಳ ತೋಡಿ, ತಟ್ಟೆಗೆ ಹಾಕಿ ತೊಡೆಯ ಮೇಲೆ ಇಟ್ಟರೆ ಇವರು ಎಡಗೈಯಿಂದ ಚೆಲ್ಲುವರು. ಚೆಲ್ಲುವ ಮೊದಲು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡುವರು. ಕಾಳಿನ ಹಸಿ ಹೀಗೆ ಹಲ್ಲಿನಲ್ಲೇ ನೋಡುವುದು ವ್ಯಾಪಾರದವರ ರೂಢಿ. ಉಳಿದ ಮೈ ಎಲ್ಲ ಮರೆತರೂ ಹಲ್ಲು ಅದನ್ನು ಮರೆತಿರಲಿಲ್ಲ. ಪಾರಿವಾಳಗಳು ಕಾಲ ಬಳಿ, ಹೆಗಲ ಮೇಲೆ ಇಳಿದಾಗ ಇವರ ಮುಖದ ಅರ್ಧ ಭಾಗ ನಗುತ್ತಿತ್ತು. ಗಾಳಿಯ ವಿಷಯ ನನಗೆ ಗೊತ್ತಿಲ್ಲ. ಆ ಅರ್ಧ ನಗುವಿಗಾಗಿ ನಾನು ಗೂಡಿನ ಹೊಲಸನ್ನು ದಿನವೂ ಬಳಿದೆ.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ದಿನ ನುಗ್ಗೆಗಿಡದ ಬುಡದಲ್ಲಿ ಬಿಳಿ ಪುಕ್ಕಗಳು ದುಂಡಗೆ ಬಿದ್ದಿದ್ದವು. ಯಾರೋ ಕೂತು ಒಂದೊಂದಾಗಿ ಕಿತ್ತು ಸುತ್ತಲೂ ಹರಡಿದ ಹಾಗೆ. ನಡುವೆ ಸ್ವಲ್ಪ ರಕ್ತ. ಬೆಕ್ಕು ಎಂದುಕೊಂಡೆವು. ಆ ವಾರದಲ್ಲೇ ಇನ್ನೊಂದು ಹೋಯಿತು, ಆಮೇಲೆ ಮತ್ತೊಂದು. ಉಳಿದ ಹಕ್ಕಿಗಳು ಗೂಡಿನಿಂದ ಇಳಿಯುವುದನ್ನೇ ಬಿಟ್ಟವು. ಹಲಗೆಗೆ ಎದೆ ಒತ್ತಿಕೊಂಡು, ಕತ್ತು ಒಳಗೆಳೆದುಕೊಂಡು ಕೂರುತ್ತಿದ್ದವು. ಹಿತ್ತಲಿನಲ್ಲಿ ಅಳಿಲಿನ ಸದ್ದೂ ಇಲ್ಲವಾಯಿತು. ಬಟ್ಟೆ ಒಗೆಯುತ್ತಿದ್ದ ನಾನು ಆ ಮೌನಕ್ಕೆ ಹೆದರಿ ಹಿಂದೆ ತಿರುಗಿ ನೋಡಿದ್ದುಂಟು.

ಅತ್ತೆ ಆಕಾಶ ನೋಡಿದರು. ಕುರಿ ಕಡಿಯುವ ಅಂಗಡಿಗಳ ಮೇಲೆ ಯಾವಾಗಲೂ ಸುತ್ತುವ ಹದ್ದುಗಳು ನಮ್ಮ ಓಣಿಯ ಮೇಲೂ ಸುತ್ತುತ್ತಿದ್ದವು.

"ಹದ್ದು ಸುಮ್ಮ ಸುಮ್ಮನ ಮನೀ ಸುತ್ತೂದಿಲ್ಲ," ಎಂದರು. "ಯಾರ ಸಲುವಾಗಿ ಬರಾಕತ್ತಾವೋ ಏನೊ."

ಅವರು ಹಾಗೆಂದಾಗ ಮಗನ ಕಡೆ ನೋಡಲಿಲ್ಲ. ನೋಡದೆ ಇದ್ದುದೇ ನನ್ನ ಎದೆಗೆ ಚುಚ್ಚಿತು. ಮೈದುನನಿಗೂ ಹದ್ದಿನ ಮೇಲೆಯೇ ಅನುಮಾನ. ಇವರು ಮಾತ್ರ ತಲೆ ಅಲ್ಲಾಡಿಸುವರು. ಎಡ ಅಂಗೈಯನ್ನು ಚಪ್ಪಟೆ ಮಾಡಿ, ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಗೋಡೆಯ ಕಡೆಯಿಂದ ನುಗ್ಗೆಗಿಡದ ಕಡೆಗೆ ಸರ್ರನೆ ಎಳೆದು ಮುಷ್ಟಿ ಕಟ್ಟುವರು. ಮತ್ತೆ ಮತ್ತೆ ಅದೇ. ನಾನು ನೀರು ತಂದುಕೊಟ್ಟೆ. ಲೋಟ ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು.

ಕಡೆಗೆ ಪುಕ್ಕಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ನಾನೇ ಸವಣೂರಿಗೆ ಹೊರಟೆ. ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಆ ಮುದುಕರು ಪುಕ್ಕಗಳನ್ನು ಮೊರದಲ್ಲಿ ಸುರಿದುಕೊಂಡು, ಒಂದು ದೊಡ್ಡ ಗರಿಯ ಬುಡವನ್ನು ಉಗುರಿನಿಂದ ಸವರಿ ನೋಡಿದರು. ಪುಕ್ಕ ಒಂದೇ ಕಡೆ ಬಿದ್ದಿದ್ದವೋ ಹಾದಿ ತುಂಬ ಹಾರಿದ್ದವೋ ಎಂದು ಕೇಳಿದರು. ಒಂದೇ ಕಡೆ ಎಂದೆ. ಉಳಿದ ಹಕ್ಕಿಗಳು ಏನು ಮಾಡುತ್ತವೆ ಎಂದರು. ಗೂಡು ಬಿಟ್ಟು ಇಳಿಯುವುದಿಲ್ಲ, ಮನೆಯವರು ಹದ್ದು ಎನ್ನುತ್ತಾರೆ ಎಂದೆ.

"ಹಂಗಾರ ಇದು ಹದ್ದಲ್ಲ, ತಂಗಿ," ಎಂದರು. "ಹದ್ದು ಪಾಪ, ಸತ್ತದ್ದು ಬಿದ್ದದ್ದು ತಿಂದು ಇರತೈತಿ. ಇದು ಶಿಕ್ರಾ."

ಹದ್ದಿನ ಬಾಲ ಮೀನಿನ ಬಾಲದಂತೆ ನಡುವೆ ಸೀಳಿರುತ್ತದೆ, ಅದು ಎಲ್ಲರಿಗೂ ಕಾಣುವಂತೆ ಮೇಲೆ ತೇಲುತ್ತದೆ, ಅದು ಬಂದರೆ ಪಾರಿವಾಳ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಕಾಳು ತಿನ್ನುತ್ತದೆ ಎಂದು ಅವರು ವಿವರಿಸಿದರು. ಬೈರಿ ಎಂಬುದು ಇನ್ನೊಂದು. ಅದು ಕಣ್ಣಿಗೆ ಕಾಣದಷ್ಟು ಎತ್ತರದಿಂದ ಕಲ್ಲಿನಂತೆ ಬಿದ್ದು, ಹಾರುವ ಹಕ್ಕಿಯನ್ನು ಗಾಳಿಯಲ್ಲೇ ಹೊಡೆಯುತ್ತದೆ. ಶಿಕ್ರಾ ಹಾಗಲ್ಲ. ರೆಕ್ಕೆ ಮೊಂಡು, ಬಾಲ ಉದ್ದ. ಮನೆಗಳ ಮರೆಯಲ್ಲಿ, ಗೋಡೆಗಿಂತ ಕೆಳಗೆ, ನೆಲ ಸವರಿಕೊಂಡು ಬರುತ್ತದೆ.

ಅವರು ಹೀಗೆಂದು ಕೈ ಇಳಿಸಿ ತೋರಿಸಿದಾಗ ನನಗೆ ಇವರ ಕೈ ನೆನಪಾಯಿತು. ಇವರು ಕುರ್ಚಿಯಲ್ಲಿ ಕೂತು ಅಷ್ಟು ದಿನ ತೋರಿಸಿದ್ದು ಅದನ್ನೇ. ಕಣ್ಣೆದುರಿಗೆ ಕಂಡದ್ದನ್ನು ಹೇಳುತ್ತಿದ್ದರು, ನಾವು ನೀರು ಕುಡಿಸುತ್ತಿದ್ದೆವು.

"ಒಮ್ಮೆ ರುಚಿ ಹತ್ತಿತಂದ್ರ ಬಿಡೂದಿಲ್ಲ ಅದು," ಎಂದರು ಮುದುಕರು. "ನಿಮ್ಮನ್ನೂ ನೋಡಾಕತ್ತಿರತೈತಿ. ಯಾರು ಯಾವಾಗ ಹೊರಗ ಬರ್ತಾರ, ಯಾವಾಗ ಒಳಗ ಹೋಗ್ತಾರ, ಎಲ್ಲಾ ಗೊತ್ತಿರತೈತಿ ಅದಕ್ಕ. ಕಬ್ಬಿಣದ ಬಲೆ ಹಾಕಿ ಗೂಡು ಮುಚ್ಚರಿ. ಕೊಲ್ಲಾಕ ಮಾತ್ರ ಹೋಗಬ್ಯಾಡ್ರಿ."

ಸಂಜೆ ನಾನು ಓಣಿಗೆ ಬಂದಾಗ ನಮ್ಮ ಮನೆಯ ಮುಂದೆ ಜನ ನಿಂತಿದ್ದರು. ನಡುವೆ ಒಂದು ದೊಡ್ಡ ಹಕ್ಕಿ ರೆಕ್ಕೆ ಹರಡಿಕೊಂಡು, ಏಳಲಾರದೆ, ಕೊಕ್ಕು ತೆರೆದು ನೆಲಕ್ಕೆ ಬಡಿದುಕೊಳ್ಳುತ್ತಿತ್ತು. ನೋಡನೋಡುತ್ತಲೇ ಸುಮ್ಮನಾಯಿತು. ನಾನು ಮೊದಲು ನೋಡಿದ್ದು ಬಾಲವನ್ನು. ನಡುವೆ ಸೀಳಿತ್ತು.

"ಸಿಕ್ತು ನೋಡ್ರಿ ವೈನಿ, ಕಳ್ಳ," ಎಂದ ಮೈದುನ.

ನಾನು ಅತ್ತ ಹೋದ ಮೇಲೆ ಇನ್ನೊಂದು ಪಾರಿವಾಳ ಹೋಗಿತ್ತಂತೆ. ಅರ್ಧ ತಿಂದು ಬಿಟ್ಟಿದ್ದ ಅದರ ದೇಹಕ್ಕೆ ಮೈದುನ ಹತ್ತಿಗೆ ಹೊಡೆಯುವ ಕೀಟನಾಶಕ ಸವರಿ ಮಾಳಿಗೆಯ ಮೇಲೆ ಇಟ್ಟಿದ್ದ. ನಮ್ಮ ಕಡೆ ಆ ವಿಷಕ್ಕೆ ಎಣ್ಣೆ ಎಂದೇ ಹೆಸರು. ಇದು ಆ ಹಕ್ಕಿಯಲ್ಲ, ಸವಣೂರಿನವರು ಬೇರೆಯೇ ಹೇಳಿದರು ಎಂದು ನಾನು ತಿಳಿಸಿದೆ. ಎಲ್ಲಾ ಒಂದೇ ಜಾತಿ ಎಂದು ಅವನು ನಕ್ಕುಬಿಟ್ಟ. ಉಳಿದ ಮಾಂಸವನ್ನು ಹೂಳಿಸಿದೆ, ಅವನ ಕೈಗೆ ಎರಡು ಸಲ ಸೋಪು ಹಚ್ಚಿಸಿದೆ. ಎಣ್ಣೆ ಕಲಸಿದ ತಗಡಿನ ಡಬ್ಬಿಯ ವಿಚಾರ ಯಾರ ತಲೆಗೂ ಬರಲಿಲ್ಲ. ಅದನ್ನು ಅವನು ನಳದ ಕೆಳಗೆ ಒಮ್ಮೆ ಅಲುಗಿಸಿ, ತೆಗೆದ ಜಾಗದಲ್ಲೇ ಇಟ್ಟಿದ್ದ. ಆ ಜಾಗ ಪಾರಿವಾಳದ ಜೋಳದ ಚೀಲದೊಳಗಿತ್ತು. ಸತ್ತ ಹದ್ದನ್ನು ನೋಡಿದ ಇವರು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಅತ್ತೆ ಕಾಳು ತೆಗೆದು, ಇಳಿಯದ ಪಾರಿವಾಳಗಳ ಖಾನೆಗೆ ಒಂದಿಷ್ಟು ಹಾಕಿ, ತಟ್ಟೆಯನ್ನು ಮಗನ ತೊಡೆಯ ಮೇಲೆ ಇಟ್ಟರು. ಹೆಚ್ಚು ಹೊತ್ತಾಗಿರಲಿಲ್ಲ, ಇವರು ಗಂಟಲಿನಲ್ಲಿ ಏನೋ ಸದ್ದು ಮಾಡಿದರು. ಎಡಗೈಯನ್ನು ಗೋಡೆಯ ಕಡೆ ಎತ್ತಿದ್ದರು.

ಅದು ಅಲ್ಲಿ ಕೂತಿತ್ತು. ನಾನು ಎಣಿಸಿದ್ದಕ್ಕಿಂತ ಎಷ್ಟೋ ಸಣ್ಣದು, ಕಾಗೆಗಿಂತ ಚಿಕ್ಕದು. ಬೂದು ಬೆನ್ನು, ಎದೆಯ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಅಡ್ಡಗೆರೆ, ಹಳದಿ ಕಾಲು. ಕಣ್ಣು ಕೆಂಡದ ಹಾಗೆ. ನಾನು ಒಂದು ಹೆಜ್ಜೆ ಮುಂದಿಟ್ಟರೂ ಕದಲಲಿಲ್ಲ. ಅತ್ತೆ ನನ್ನ ಸೆರಗು ಹಿಡಿದುಕೊಂಡರು. ಮೈದುನ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತ. ನಿನ್ನೆ ಸತ್ತದ್ದು ಬೇರೆ ಎಂದು ಅವನಿಗೂ ತಿಳಿದಿರಬೇಕು. ಹೀಗೆ ನಾವೆಲ್ಲ ಗೋಡೆಯನ್ನೇ ನೋಡುತ್ತಿದ್ದೆವು. ನಮ್ಮ ಹಿಂದೆ ಗೂಡಿನಿಂದ ಏನೋ ಮೆತ್ತಗೆ ನೆಲಕ್ಕೆ ಬಿತ್ತು.

ತಿರುಗಿ ನೋಡಿದರೆ ಒಂದು ಪಾರಿವಾಳ ಕತ್ತು ಹೊರಳಿಸಿಕೊಂಡು ಒದ್ದಾಡುತ್ತಿತ್ತು. ಶಿಕ್ರಾ ಗೋಡೆ ಬಿಟ್ಟು ಇಳಿದೇ ಇರಲಿಲ್ಲ. ಇನ್ನೊಂದು ಬಿತ್ತು. ಕೊಕ್ಕಿನಿಂದ ನೊರೆ. ನಾನು ಇವರ ಮುಖ ನೋಡಿದೆ. ಆ ಚಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಾಯಿಂದ ಜೊಲ್ಲು ಎದೆಯವರೆಗೆ ಬಂದಿತ್ತು. ತಟ್ಟೆ ಎತ್ತಿ ಮೂಸಿದೆ. ಎಣ್ಣೆ ಹೊಡೆದ ಹತ್ತಿಯ ಹೊಲದ ವಾಸನೆ.

ಊರಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಇವರಿಗೆ ವಾಂತಿ ಶುರುವಾಗಿ, ತೊಡೆಯ ಸ್ನಾಯುಗಳು ತಾವಾಗಿ ಹಾರುತ್ತಿದ್ದವು. ಡಾಕ್ಟರು ಚಿಕ್ಕ ವಯಸ್ಸಿನವರು. ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿ, ನರ್ಸಿಗೆ ಇಂಜೆಕ್ಷನ್ ಹೇಳಿ, ನಮ್ಮ ಕಡೆ ತಿರುಗಿದರು.

"ಎಣ್ಣಿ ತಾವ ಕುಡದಾರೋ, ಯಾರರೆ ಕುಡಿಸ್ಯಾರೋ?"

ಅಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮಾತು ಬಾರದ, ಬಲಗೈ ಎತ್ತಲಾರದ ಗಂಡ, ಅವನಿಗೆ ಅನ್ನ ಕಲಸಿ ತಿನ್ನಿಸುವ ಹೆಂಡತಿ. ಅವರ ಕಣ್ಣಿನಲ್ಲಿ ಇದ್ದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅತ್ತೆಯೂ ನೋಡಿದರು. ಕಾಳು, ಪಾರಿವಾಳ ಎಂದೇನೋ ತೊದಲಿದೆ, ಯಾರಿಗೂ ಅರ್ಥವಾಗಲಿಲ್ಲ.

ಮೈದುನ ಗೋಡೆಗೆ ಆತು ನಿಂತಿದ್ದ. "ನಾನ ಕಲಸಿದ್ದು, ಸರ್. ಹದ್ದಿಗೆ ಅಂತ," ಎಂದ. "ಆ ಡಬ್ಬಿಲೆ ಕಾಳು ತಗದಾರ. ವೈನೀದು ಏನೂ ಇಲ್ಲ." ಅಷ್ಟು ಹೇಳಿ ಅಲ್ಲೇ ಕುಸಿದು ಕೂತ.

ಹಾವೇರಿಗೆ ಅಂಬ್ಯುಲೆನ್ಸಿನಲ್ಲಿ ಹೋಗುವಾಗ ಇವರ ಎಡಗೈ ನನ್ನ ಕೈಯಲ್ಲಿತ್ತು. ಆ ಕೈಯೂ ಹೋಗುತ್ತದೆ ಎಂದೇ ನಾನು ತಿಳಿದಿದ್ದೆ. ನುಂಗಿದ್ದು ಕೆಲವೇ ಕಾಳು, ಬೇಗ ಕರೆತಂದಿರಿ ಎಂದು ಅಲ್ಲಿಯ ಡಾಕ್ಟರು ಹೇಳುವವರೆಗೆ ನಾನು ಒಂದೇ ಕಡೆ ನಿಂತಿದ್ದೆ. ಇವರು ಬದುಕಿದರು. ದೇಹ ಮಾತ್ರ ಮತ್ತಷ್ಟು ಸೊರಗಿತು, ಕುರ್ಚಿಯಲ್ಲಿ ನೆಟ್ಟಗೆ ಕೂರಲು ಎರಡು ದಿಂಬು ಬೇಕಾದವು.

ಅತ್ತೆ ಆಮೇಲೆ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಆ ಆಸ್ಪತ್ರೆಯ ನೋಟ ನಮ್ಮಿಬ್ಬರಿಗೂ ನೆನಪಿತ್ತು. ಒಂದು ದಿನ ನನ್ನ ತಟ್ಟೆಗೆ ತಾವೇ ರೊಟ್ಟಿ ಹಾಕಿ ಪಕ್ಕದಲ್ಲಿ ಕೂತರು. ಅಷ್ಟೇ.

ಗೂಡಿನಲ್ಲಿ ಎರಡು ಜೋಡಿ ಉಳಿದಿದ್ದವು. ಸವಣೂರಿಗೆ ವಾಪಸ್ ಕೊಡೋಣ ಎಂದು ನಾನು ಹೇಳಿದ್ದಕ್ಕೆ ಇವರು ಒಪ್ಪಲಿಲ್ಲ. ತಲೆ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾದರು. ಮೈದುನ ಅಂದೇ ಕಬ್ಬಿಣದ ಬಲೆ ತಂದ. ಮರುದಿನ ಬೆಳಿಗ್ಗೆ ಅಣ್ಣನ ಎದುರಿಗೆ ಕೂತು, ತಲೆ ಎತ್ತದೆ, ಬಲೆಗೆ ಮೊಳೆ ಹೊಡೆಯತೊಡಗಿದ. ಇವರು ಎಡಗೈಯಿಂದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಕೊಟ್ಟರು. ಇಬ್ಬರಲ್ಲಿ ಯಾರೂ ಗೋಡೆಯ ಕಡೆ ನೋಡಲಿಲ್ಲ. ನಾನು ನೋಡಿದೆ. ಶಿಕ್ರಾ ಬಂದು ಕೂತಿತ್ತು. ಸುತ್ತಿಗೆಯ ಏಟಿಗೆ ಹಲಗೆ ಅದುರುತ್ತಿತ್ತು, ಒಳಗಿನ ಪಾರಿವಾಳಗಳು ಮೂಲೆಗೆ ಒತ್ತಿಕೊಂಡಿದ್ದವು. ಅದು ಮಾತ್ರ ಅಷ್ಟು ಸದ್ದಿಗೂ ಹಾರದೆ, ಕತ್ತು ಸ್ವಲ್ಪ ಓರೆ ಮಾಡಿ, ಬಲೆ ಇನ್ನೂ ಮುಚ್ಚದೆ ಉಳಿದಿದ್ದ ಕಡೆಯನ್ನೇ ನೋಡುತ್ತಿತ್ತು.